ಬೇಕೆಂದೇ ತಡಮಾಡುವವರ ಜೊತೆ ಪೋಕರ್

ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದ ಮೇಲೆ, ಚಿಕ್ಕಮಗಳೂರಿನ ನಾವು ಕೆಲವು ಗೆಳೆಯರು ಬಿಟ್ಟಿ ಚಿಪ್ಸ್‌ನ (ಪಣಕ್ಕಿಡುವ ಬಿಲ್ಲೆಗಳ) ಪೋಕರ್ ಇಸ್ಪೀಟಾಟದ ಆನ್‌ಲೈನ್ ಟೂರ್ನಿಗಳನ್ನಷ್ಟೇ ಆಡುತ್ತೇವೆ. ಅಲ್ಲಿಯೂ ಬೇಕೆಂದೇ ತಡಮಾಡುವವರ ಕಾಟ ತಪ್ಪಿಲ್ಲ. ಇನ್ನೊಬ್ಬರೋ ಇಬ್ಬರೋ ಔಟಾದರೆ ಬಹುಮಾನದ ಸ್ಥಾನ ಸಿಗುತ್ತದೆ ಎನ್ನುವಾಗ, ಇವರು ತಮ್ಮ ಸರದಿಯ ಗಡಿಯಾರ ಸೊನ್ನೆಗೆ ಇಳಿಯುವವರೆಗೂ ಕಾದು, ಟೈಮ್ ಬ್ಯಾಂಕ್ ಎಂಬ ಹೆಚ್ಚುವರಿ ಸಮಯವನ್ನೂ ಕರಗಿಸಿ, ಕೊನೆಗೆ ಎಲೆಗಳನ್ನು ಬಿಟ್ಟುಕೊಡುವ ಫೋಲ್ಡ್ ಒತ್ತುತ್ತಾರೆ. ಬ್ಲೈಂಡ್, ಅಂದರೆ ಎಲೆ ನೋಡುವ ಮೊದಲೇ ಕಡ್ಡಾಯವಾಗಿ ಕಟ್ಟಬೇಕಾದ ಪಣ, ಏರುವುದು ನಿಮಿಷಗಳ ಲೆಕ್ಕದಲ್ಲಿ, ಅದನ್ನು ಕಟ್ಟಬೇಕಾದದ್ದು ಸರದಿ ಬಂದಾಗ. ಆದ್ದರಿಂದ ತಮ್ಮ ಟೇಬಲ್ಲನ್ನು ನಿಧಾನಗೊಳಿಸಿದವರು ಕಡಿಮೆ ಸಲ ಬ್ಲೈಂಡ್ ಕಟ್ಟಿ, ಬೇರೆ ಟೇಬಲ್ಲಿನವರು ಔಟಾಗುವುದನ್ನೇ ಕಾಯುತ್ತಾರೆ. ನಿಯಮದೊಳಗೇ ಇದ್ದರೂ ಇದು ಜೊತೆಯವರಿಗೆ ಮಾಡುವ ಅನ್ಯಾಯವೆಂದೇ ನನ್ನ ಭಾವನೆ. ಮಲೆನಾಡಿನ ಮಳೆಗಾಲದಲ್ಲಿ ನೆಟ್‌ವರ್ಕ್ ಕೈಕೊಟ್ಟು ತಡವಾದವರನ್ನು ಮಾತ್ರ ಇವರೊಂದಿಗೆ ಸೇರಿಸಬಾರದು. ಎಲ್ಲ ಟೇಬಲ್‌ಗಳೂ ಒಂದೊಂದೇ ಆಟ ಮುಗಿಸಿ ಪರಸ್ಪರ ಕಾಯುವ ‘ಹ್ಯಾಂಡ್ ಫಾರ್ ಹ್ಯಾಂಡ್’ ಕ್ರಮ ಆರಂಭವಾದೊಡನೆ ಈ ತಂತ್ರದ ಲಾಭ ಬಹುಪಾಲು ಇಲ್ಲವಾಗುತ್ತದೆ. ಅದನ್ನು ಇನ್ನಷ್ಟು ಬೇಗ ಜಾರಿಗೆ ತರಬೇಕು. ಅಲ್ಲಿಯವರೆಗೆ ನಾನು ಚಾಟ್‌ನಲ್ಲಿ ಜಗಳಕ್ಕಿಳಿಯುವುದಿಲ್ಲ. ಅಂಥವರು ಔಟಾಗಲು ಅಂಜುತ್ತಾರೆಂದು ತಿಳಿದು, ಅವರು ಬ್ಲೈಂಡ್ ಕಟ್ಟುವ ಸರದಿ ಬಂದಾಗಲೆಲ್ಲ ಪಣ ಏರಿಸುತ್ತೇನೆ.