ಆರು ಕಡೆ ಒಂದೇ ಟೈಮ್‌ಕೋಡ್

ಎಡಿಟರ್ ಫೋನ್ ಮಾಡಿ ಕೇಳಿದ್ದು ಇಷ್ಟೇ. ‘00:14:20:00 ಅಂತ ಬರೆದಿದ್ದೀರಲ್ಲ, ಅದು ಯಾವುದರದ್ದು? ನನ್ನ ಹತ್ತಿರ ಆರು ಇವೆ.’

ಇಡೀ ದಿನದ ವಿಚಾರ ಸಂಕಿರಣ ಅದು. ಎರಡು ಕ್ಯಾಮ್‌ಕಾರ್ಡರ್, ಒಂದೊಂದಕ್ಕೆ ಮೂರು ಕಾರ್ಡ್. ಕ್ಯಾಮೆರಾ ಸಿದ್ಧ ಮಾಡುವುದು, ಮುಖ್ಯ ಮಾತುಗಳು ಬಂದಾಗ ಟೈಮ್‌ಕೋಡ್ ಬರೆದಿಡುವುದು ನನ್ನ ಕೆಲಸ. ಟೈಮ್‌ಕೋಡ್ ಅಂದರೆ ವಿಡಿಯೋದ ಒಂದೊಂದು ಫ್ರೇಮಿಗೂ, ಅಂದರೆ ಒಂದೊಂದು ಚಿತ್ರಕ್ಕೂ, ಕ್ಯಾಮೆರಾ ಕೊಡುವ ಅಂಕಿ: ಗಂಟೆ, ನಿಮಿಷ, ಸೆಕೆಂಡ್, ಫ್ರೇಮ್. ಬರೆದಿದ್ದೆ, ಅದೂ ದುಂಡಗೆ, ನಾಲ್ಕು ಪುಟ. ಆದರೆ ಎರಡೂ ಕ್ಯಾಮೆರಾ ರೆಕ್ ರನ್ ಅನ್ನುವ ಸೆಟ್ಟಿಂಗ್‌ನಲ್ಲಿದ್ದವು. ಸಾಲದು ಅಂತ, ಹೊಸ ಕಾರ್ಡ್ ಹಾಕಿದಾಗಲೆಲ್ಲ ನಾನೇ ರೀಸೆಟ್ ಒತ್ತಿ ಸೊನ್ನೆಗೆ ತಂದಿದ್ದೆ. ಪ್ರತಿ ಕಾರ್ಡೂ ಸೊನ್ನೆಯಿಂದ ಶುರುವಾದರೆ ಚೊಕ್ಕವಾಗಿರುತ್ತದೆ ಅಂದುಕೊಂಡಿದ್ದೆ. ಎರಡ್ಮೂರ್ಲಿ ಆರು.

ಕೊನೆಗೆ ಎಡಿಟರ್ ಎರಡೂ ಕ್ಯಾಮೆರಾದ ಧ್ವನಿಯನ್ನು ಕೇಳಿ ಕೇಳಿ, ತಾಳೆ ಹಾಕಿ ಜೋಡಿಸಿದರು. ಒಂದು ದಿನ ಪೂರ್ತಿ ಅದಕ್ಕೇ ಹೋಯಿತು. ನನ್ನ ನಾಲ್ಕು ಪುಟ ಯಾರಿಗೂ ಬೇಕಾಗಲಿಲ್ಲ.

ರೆಕ್ ರನ್ ಅಂದರೆ ರೆಕಾರ್ಡ್ ಆಗುವಾಗ ಮಾತ್ರ ಅಂಕಿ ಓಡುತ್ತದೆ, ನಿಲ್ಲಿಸಿದರೆ ಅದೂ ನಿಲ್ಲುತ್ತದೆ. ಒಂದೇ ಕ್ಯಾಮೆರಾ ಇದ್ದರೆ ಇದರಷ್ಟು ಸುಲಭ ಬೇರೆ ಇಲ್ಲ. ಒಂದು ಶಾಟ್ ಮುಗಿದಲ್ಲಿಂದ ಮುಂದಿನದು ಶುರು. ಎರಡು ಕ್ಯಾಮೆರಾ ಆದರೆ ಕೆಡುತ್ತದೆ. ಒಬ್ಬರು ಐದು ನಿಮಿಷ ನಿಲ್ಲಿಸಿರುತ್ತಾರೆ, ಇನ್ನೊಬ್ಬರು ನಿಲ್ಲಿಸಿರುವುದಿಲ್ಲ. ಅಲ್ಲಿಂದ ಮುಂದೆ ಎರಡು ಅಂಕಿಗೂ ಸಂಬಂಧವೇ ಇಲ್ಲ. ಅಲ್ಲಿಗೆ ಬೇಕಾದದ್ದು ಫ್ರೀ ರನ್. ರೆಕಾರ್ಡ್ ಆಗಲಿ ಬಿಡಲಿ, ಗಡಿಯಾರದ ಹಾಗೆ ಅದು ಓಡುತ್ತಲೇ ಇರುತ್ತದೆ. ನಾನೀಗ ದಿನದ ಸಮಯವನ್ನೇ ಇಟ್ಟುಬಿಡುತ್ತೇನೆ. ಮೂಲೆಯಲ್ಲಿ ಕೂತು ಬರೆಯುವವರು ಕೈಗಡಿಯಾರ ನೋಡಿ ಬರೆದರೂ ಕ್ಲಿಪ್ ಸಿಗುತ್ತದೆ.

ಆದರೆ ಎರಡು ಕ್ಯಾಮೆರಾಗೂ ಕೈಯಲ್ಲಿ ಒತ್ತಿ ಸಮಯ ಸೆಟ್ ಮಾಡಿದರೆ ಕೆಲವು ಫ್ರೇಮ್ ಹೆಚ್ಚುಕಮ್ಮಿ ಆಗಿಯೇ ಆಗುತ್ತದೆ. ಬೆರಳಿಗೆ ಅಷ್ಟು ಚುರುಕು ಇಲ್ಲ. ಟೈಮ್‌ಕೋಡ್ ಇನ್, ಔಟ್ ಕನೆಕ್ಟರ್ ಇರುವ ಕ್ಯಾಮೆರಾ ಆದರೆ ಒಂದರ ಔಟ್‌ನಿಂದ ಇನ್ನೊಂದರ ಇನ್‌ಗೆ ಕೇಬಲ್ ಹಾಕಿ. ಎರಡೂ ಫ್ರೀ ರನ್‌ನಲ್ಲಿರಬೇಕು, ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಫ್ರೇಮ್) ಒಂದೇ ಇರಬೇಕು. ಎರಡೂ ಪರದೆಯಲ್ಲಿ ಅಂಕಿ ಒಂದೇ ಆದ ಮೇಲೆ ಕೇಬಲ್ ತೆಗೆಯಬಹುದು. ಇದಕ್ಕೆ ಜಾಮ್ ಮಾಡುವುದು ಅನ್ನುತ್ತೇವೆ. ಒಮ್ಮೆ ಜಾಮ್ ಮಾಡಿದರೆ ಸಂಜೆವರೆಗೆ ನಿಶ್ಚಿಂತೆ ಅಂತ ಮಾತ್ರ ನಂಬಬೇಡಿ. ಒಂದೊಂದು ಕ್ಯಾಮೆರಾದ ಒಳಗಿನ ಗಡಿಯಾರವೂ ತುಸು ಬೇರೆ ವೇಗದಲ್ಲಿ ಓಡುತ್ತದೆ. ವಿರಾಮ ಬಂದಾಗ, ಬ್ಯಾಟರಿ ಬದಲಿಸಿದಾಗ ನಾನು ಇನ್ನೊಮ್ಮೆ ಜಾಮ್ ಮಾಡುತ್ತೇನೆ. ಕನೆಕ್ಟರ್ ಇಲ್ಲದ ಸಣ್ಣ ಕ್ಯಾಮೆರಾ ಇದ್ದರೆ? ಎಲ್ಲ ಕ್ಯಾಮೆರಾ ಓಡುತ್ತಿರುವಾಗ ಮುಂದೆ ನಿಂತು ಒಂದು ಚಪ್ಪಾಳೆ, ಎಡಿಟರ್ ಆ ಸದ್ದನ್ನು ಹಿಡಿದು ಜೋಡಿಸುತ್ತಾರೆ. ನಾಚಿಕೆ ಏನಿಲ್ಲ.

ಇಷ್ಟು ಕಲಿತ ಮೇಲೂ ಇನ್ನೊಂದು ಸಲ ಜಾರಿದೆ. ಆ ಕೆಲಸ ಸೆಕೆಂಡಿಗೆ 29.97 ಫ್ರೇಮ್‌ನದ್ದು. ಎರಡೂ ಕ್ಯಾಮೆರಾ ಫ್ರೀ ರನ್, ಎರಡರಲ್ಲೂ 10:00:00:00. ಒಂದು ಗಂಟೆ ಕಳೆದು ನೋಡಿದರೆ ಒಂದರಲ್ಲಿ 11:00:00:00, ಇನ್ನೊಂದರಲ್ಲಿ 10:59:56:12. ಕ್ಯಾಮೆರಾ ಕೆಟ್ಟಿದೆ ಅಂತಲೇ ಅಂದುಕೊಂಡೆ. ಕೆಟ್ಟಿರಲಿಲ್ಲ. ಒಂದು ಡ್ರಾಪ್ ಫ್ರೇಮ್‌ನಲ್ಲಿತ್ತು, ಇನ್ನೊಂದು ನಾನ್ ಡ್ರಾಪ್‌ನಲ್ಲಿ.

ಡ್ರಾಪ್ ಅನ್ನುವ ಹೆಸರೇ ದಾರಿ ತಪ್ಪಿಸುತ್ತದೆ. ಚಿತ್ರದ ಒಂದು ಫ್ರೇಮೂ ಬೀಳುವುದಿಲ್ಲ, ಬಿಟ್ಟುಹೋಗುವುದು ಅಂಕಿ ಮಾತ್ರ. ಟೈಮ್‌ಕೋಡ್ ಸೆಕೆಂಡಿಗೆ 30 ಅಂತ ಎಣಿಸುತ್ತದೆ, ಕ್ಯಾಮೆರಾ ಓಡುವುದು 29.97ರಲ್ಲಿ. ಹಾಗಾಗಿ ಎಣಿಕೆ ಗಂಟೆಗೆ 3.6 ಸೆಕೆಂಡ್ ಹಿಂದೆ ಬೀಳುತ್ತದೆ. ಅದನ್ನು ಸರಿ ಮಾಡಲು ಪ್ರತಿ ನಿಮಿಷದ ಶುರುವಿನಲ್ಲಿ 00, 01 ಎರಡು ಅಂಕಿ ಹಾರಿಸುತ್ತಾರೆ. 00:00:59:29 ಆದ ಮೇಲೆ ನೇರ 00:01:00:02. ಹತ್ತರಿಂದ ಭಾಗವಾಗುವ ನಿಮಿಷಗಳಲ್ಲಿ ಹಾರಿಸುವುದಿಲ್ಲ. ಗಂಟೆಗೆ ಒಟ್ಟು 108 ಅಂಕಿ. ಟಿವಿಗೆ ಹೋಗುವ, ಅವಧಿ ಕರಾರುವಾಕ್ಕಾಗಿ ಬೇಕಾದ ಕೆಲಸಕ್ಕೆ ಡ್ರಾಪ್ ಒಳ್ಳೆಯದು. 25 ಫ್ರೇಮ್‌ನಲ್ಲಿ ಈ ತಲೆನೋವೇ ಇಲ್ಲ. ನನ್ನ ಇಷ್ಟ ಕೇಳಿದರೆ ಯಾವತ್ತೂ 25 ಅನ್ನುತ್ತೇನೆ, ಆದರೆ ನನ್ನನ್ನು ಯಾರೂ ಕೇಳುವುದಿಲ್ಲ. ನಾನೇ ಹಿಂದಿನ ದಿನ ಎಡಿಟರ್‌ಗೆ ಫೋನ್ ಮಾಡಿ ಕೇಳುತ್ತೇನೆ. ಫ್ರೇಮ್ ರೇಟ್ ಎಷ್ಟು, ಡ್ರಾಪ್ ಬೇಕಾ ಬೇಡ್ವಾ, ಎಷ್ಟು ಕ್ಯಾಮೆರಾ. ಎರಡು ನಿಮಿಷದ ಮಾತು.

ಒಂದೇ ಕ್ಯಾಮೆರಾದ ಕೆಲಸಕ್ಕೆ ರೆಕ್ ರನ್ ಇಟ್ಟರೂ ಈಗ ನಡುವೆ ರೀಸೆಟ್ ಮುಟ್ಟುವುದಿಲ್ಲ. ಟೇಪ್ ಕಾಲದಲ್ಲಿ ಗಂಟೆಯ ಅಂಕಿಯನ್ನೇ ಟೇಪ್ ನಂಬರ್ ಮಾಡುತ್ತಿದ್ದರು. ಮೊದಲನೆಯದು 01:00:00:00, ಎರಡನೆಯದು 02:00:00:00. ಜಾಣ ಉಪಾಯ, ಆದರೆ ಕಾರ್ಡ್‌ನಲ್ಲಿ ಒಂದು ಗಂಟೆಗಿಂತ ಜಾಸ್ತಿ ಹಿಡಿಸಿದರೆ ಮುಂದಿನದರ ಅಂಕಿಗೆ ಹೋಗಿ ಗುದ್ದುತ್ತದೆ. ನಾನು ಕಾರ್ಡ್ ನಂಬರನ್ನು ಯೂಸರ್ ಬಿಟ್‌ನಲ್ಲಿ, ಅಂದರೆ ಟೈಮ್‌ಕೋಡ್ ಜೊತೆಗೇ ನಮಗೆ ಬೇಕಾದ್ದು ಬರೆದಿಡಲು ಇರುವ ಜಾಗದಲ್ಲಿ, ಬರೆಯುತ್ತೇನೆ. ಅಲ್ಲಿ ಎಂಟು ಜಾಗ ಇವೆ, ತಾರೀಕಿಗೂ ಸಾಕು.

ರಾತ್ರಿ ಕೆಲಸವಿದ್ದರೆ ಇನ್ನೊಂದು ಜಾಗ್ರತೆ. ದಿನದ ಸಮಯಕ್ಕೆ ಇಟ್ಟ ಫ್ರೀ ರನ್‌ನಲ್ಲಿ, 25 ಫ್ರೇಮ್ ಆದರೆ, 23:59:59:24 ಆದ ಮೇಲೆ ಮತ್ತೆ ಸೊನ್ನೆ. ಮಧ್ಯರಾತ್ರಿ ಕಳೆದ ಮೇಲಿನ ಕ್ಲಿಪ್ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಹೋಗಿ ಕೂರುತ್ತದೆ. ಅಂಥ ದಿನ ಟೈಮ್‌ಕೋಡನ್ನು ಆರು ಗಂಟೆ ಹಿಂದಕ್ಕೆ ಇಡುತ್ತೇನೆ, ಅದನ್ನು ನೋಟ್‌ಬುಕ್‌ನ ಮೊದಲ ಪುಟದಲ್ಲೇ ದೊಡ್ಡದಾಗಿ ಬರೆಯುತ್ತೇನೆ.