ಕಾಲುಸಂಕಕ್ಕೆ ಯಾವ ಲೆಕ್ಕಶೀರ್ಷಿಕೆ?

ಮಳೆಗಾಲ ಬಂತೆಂದರೆ ಪತ್ರಿಕೆಗಳಲ್ಲಿ ಮಲೆನಾಡಿನ ಒಂದು ಚಿತ್ರ ಕಾಯಂ: ತುಂಬಿ ಹರಿಯುವ ಹಳ್ಳ, ಅಡಿಕೆ ದಬ್ಬೆ ಹಾಸಿದ ಸಂಕವೆಂಬ ಕಿರುಸೇತುವೆ, ಅದರ ಮೇಲೆ ಚೀಲ ಹೊತ್ತ ಶಾಲೆಯ ಮಕ್ಕಳು. ಹೊಸನಗರ ತಾಲ್ಲೂಕಿನ ನಮ್ಮ ಕೇರಿಯ ಸಂಕಕ್ಕೆ ಇನ್ನೂ ಆ ಭಾಗ್ಯ ಒದಗಿಲ್ಲ. ಮೇ ತಿಂಗಳಲ್ಲಿ ನಾವೇ ಕಟ್ಟುತ್ತೇವೆ, ಜುಲೈ ಮಳೆ ಒಯ್ಯುತ್ತದೆ. ಅಡಿಕೆ ಸುಲಿಯಲು ಕುಳಿತಾಗ ಮಾತು ಒಂದೇ: ‘ಪಂಚಾಯಿತಿಗೆ ಅಷ್ಟು ಅನುದಾನ ಬರುತ್ತದಂತೆ, ಒಂದು ಸಂಕಕ್ಕೆ ದುಡ್ಡಿಲ್ಲವೇ?’ ನಮ್ಮ ಸ್ವಸಹಾಯ ಸಂಘದ ಲೆಕ್ಕ ಬರೆಯುವವಳು ನಾನು. ಜಮೆ-ಖರ್ಚು ಓದಲು ಬರುತ್ತದೆ ಎಂಬ ಧೈರ್ಯದಿಂದ ಪಂಚಾಯಿತಿಯ ಆಯವ್ಯಯದ ಪ್ರತಿ ಕೇಳಿ ತಂದೆ.

ಮೊದಲ ಸಾಲಿನಲ್ಲೇ ತಡವರಿಸಿದೆ. ಆರಂಭಿಕ ಶಿಲ್ಕು, ಅಂದರೆ ಹಿಂದಿನ ವರ್ಷದಿಂದ ಉಳಿದು ಬಂದ ಹಣ, ಎಂದು ದೊಡ್ಡ ಮೊತ್ತವೇ ಇದೆ! ದುಡ್ಡಿಲ್ಲ ಎನ್ನುವವರ ಹತ್ತಿರ ಇಷ್ಟು ಎಲ್ಲಿಂದ ಬಂತು? ಡಾಟಾ ಎಂಟ್ರಿ ಹುಡುಗ ಪೆನ್ನು ಇಟ್ಟು ಬಿಡಿಸಿ ಹೇಳಿದ. ‘ಅಕ್ಕ, ಇದು ಒಂದು ಗಂಟಲ್ಲ. ಯೋಜನೆಗೊಂದು ಖಾತೆ. ಕೆಲಸ ಮುಗಿದಿದೆ, ಬಿಲ್ಲು ಆಗಿಲ್ಲ, ಅದರದ್ದು ಇಷ್ಟು. ಟೆಂಡರ್ ಆಗಿದೆ, ಕೆಲಸ ಶುರುವಾಗಿಲ್ಲ, ಅದರದ್ದು ಇಷ್ಟು. ಈ ಖಾತೆಯದನ್ನು ಆ ಖಾತೆಗೆ ಹಾಕುವಂತಿಲ್ಲ.’ ಅಂದರೆ ಶಿಲ್ಕಿನ ಬಹುಪಾಲಿಗೆ ಆಗಲೇ ಹೆಸರು ಬಿದ್ದಿದೆ.

ಜಮೆಯ ಕಡೆಯ ಅತಿ ದಪ್ಪ ಸಾಲು ಕೇಂದ್ರ ಹಣಕಾಸು ಆಯೋಗದ ಅನುದಾನ. 15ನೇ ಆಯೋಗದ 2021–26ರ ಅವಧಿಯಲ್ಲಿ ಇದರ ಶೇ 60ರಷ್ಟು ನಿರ್ಬಂಧಿತ: ಅರ್ಧ ಕುಡಿಯುವ ನೀರು, ಮಳೆನೀರು ಸಂಗ್ರಹದಂಥವಕ್ಕೆ, ಇನ್ನರ್ಧ ನೈರ್ಮಲ್ಯಕ್ಕೆ. ಉಳಿದ ಶೇ 40 ಮಾತ್ರ ಊರಿನ ಅಗತ್ಯ ನೋಡಿ ಖರ್ಚು ಮಾಡಬಹುದಾದದ್ದು, ಅದೂ ಸಂಬಳ ಮತ್ತು ಕಚೇರಿ ವೆಚ್ಚಕ್ಕಲ್ಲ. ಸಂವಿಧಾನದ ಹನ್ನೊಂದನೇ ಅನುಸೂಚಿಯ 29 ವಿಷಯಗಳೊಳಗೆ ಅದು ಬರಬೇಕು. ಪಟ್ಟಿ ತೆಗೆದು ನೋಡಿದರೆ 13ನೆಯದು ರಸ್ತೆ, ಮೋರಿ, ಸೇತುವೆ, ದೋಣಿ ಸಾಗಾಟ, ಜಲಮಾರ್ಗ. ದೆಹಲಿಯಲ್ಲಿ ಕುಳಿತು ಬರೆದವರಿಗೆ ಶರಾವತಿ ಹಿನ್ನೀರಿನ ನೆನಪು ಇತ್ತೋ ಇಲ್ಲವೋ, ನಮಗಂತೂ ಹೇಳಿ ಬರೆಸಿದಂತಿದೆ. ನಮ್ಮ ಸಂಕ ಇಲ್ಲಿ ಕೂರುತ್ತದೆ.

ರಾಜ್ಯ ಸರ್ಕಾರದ ಶಾಸನಬದ್ಧ ಅನುದಾನ ಇನ್ನೊಂದು ಸಾಲು. ನಮ್ಮಲ್ಲಿ ಅದರ ಹೆಚ್ಚಿನ ಪಾಲು ಬೀದಿದೀಪ ಮತ್ತು ನೀರಿನ ಪಂಪುಗಳ ವಿದ್ಯುತ್ ಬಿಲ್ಲಿಗೇ ಹೋಗುತ್ತದೆ. ಅದರ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ.

ಹೇಳಬೇಕಾದದ್ದು ಸ್ವಂತ ಆದಾಯದ ಪುಟದ ಬಗ್ಗೆ. ಅಲ್ಲಿ ‘ಬೇಡಿಕೆ, ವಸೂಲಿ, ಬಾಕಿ’ ಎಂಬ ಮೂರು ಕಾಲಂ. ಮನೆ ಕಂದಾಯ, ನೀರಿನ ಶುಲ್ಕ, ಅಂಗಡಿ ಪರವಾನಗಿ, ಮಳಿಗೆ ಬಾಡಿಗೆ ಎಲ್ಲ ಕೂಡಿದರೂ ಪುಟ ತುಂಬುವುದಿಲ್ಲ, ಬಾಕಿಯ ಕಾಲಂ ಮಾತ್ರ ತುಂಬಿ ತುಳುಕುತ್ತದೆ. ಕಂದಾಯದ ಜೊತೆ ನಾವು ಕಟ್ಟುವ ಶೇ 6ರ ಗ್ರಂಥಾಲಯ ಕರ, ಶೇ 3ರ ಭಿಕ್ಷುಕರ ಕರದಂಥವು ಪಂಚಾಯಿತಿಯವಲ್ಲ, ವಸೂಲಿ ಮಾಡಿ ಮುಂದಕ್ಕೆ ಕಳಿಸಬೇಕಾದವು. ಇನ್ನೊಂದು ಸಂಗತಿ ನಮ್ಮವರಿಗೆ ರುಚಿಸದು. ಕಾಯ್ದೆಯ ಪ್ರಕಾರ ಪಂಚಾಯಿತಿ ತೆರಿಗೆ ಹಾಕುವುದು ಕಟ್ಟಡಗಳಿಗೆ ಮತ್ತು ಕೃಷಿಯೇತರ ಜಮೀನಿಗೆ. ಎಷ್ಟೇ ಎಕರೆ ತೋಟವಿದ್ದರೂ, ರಾಶಿ ಅಡಿಕೆಗೆ ಎಂಥ ದರ ಬಂದರೂ ತೋಟದ ಮೇಲೆ ಪಂಚಾಯಿತಿಗೆ ಚಿಕ್ಕಾಸೂ ಹುಟ್ಟುವುದಿಲ್ಲ. ಅಡಿಕೆ ಸುಲಿಯುವ ಚಪ್ಪರದಡಿ ಪಂಚಾಯಿತಿಯನ್ನು ಬೈಯುವವರಲ್ಲಿ ಮನೆ ಕಂದಾಯವನ್ನೂ ವರ್ಷಗಟ್ಟಲೆ ಬಾಕಿ ಇಟ್ಟವರಿದ್ದಾರೆ. ಹೆಸರು ಬರೆದರೆ ನಾಳೆ ನನಗೆ ಅಡಿಕೆ ಕೊನೆ ತೆಗೆಯಲು ಆಳು ಸಿಗುವುದಿಲ್ಲ.

ಹಾಗೆಂದು ತಪ್ಪೆಲ್ಲ ನಮ್ಮದೇ ಎನ್ನಲಾರೆ. ಆಯೋಗ ರಾಜ್ಯಗಳಿಗೆ ಪಾಲು ಹಾಕುವಾಗ ಜನಸಂಖ್ಯೆಗೆ ಶೇ 90, ವಿಸ್ತೀರ್ಣಕ್ಕೆ ಶೇ 10 ತೂಕ ಕೊಟ್ಟಿತು. ಹಂಚುವ ಮನಸ್ಸೇ ತಲೆ ಎಣಿಸುವುದರಲ್ಲಿದೆ. ಬಯಲುಸೀಮೆಯಲ್ಲಿ ಒಂದೇ ಬೀದಿಯಲ್ಲಿ ನೂರು ಮನೆ. ನಮ್ಮಲ್ಲಿ ಗುಡ್ಡಕ್ಕೊಂದು ಮನೆ, ಎರಡು ಮನೆಯ ನಡುವೆ ಒಂದು ಹಳ್ಳ. ಪೈಪಿನ ಉದ್ದ ಹೆಚ್ಚು, ನಲ್ಲಿ ಕಡಿಮೆ.

ಫೆಬ್ರವರಿ-ಮಾರ್ಚ್‌ನ ಆಯವ್ಯಯ ಸಭೆಗೆ ಹೋಗಿ ಸಂಕ ಕೇಳುವುದು ಊಟ ಮುಗಿದ ಮೇಲೆ ಎಲೆ ಹಾಕಿದಂತೆ. ಕೇಳಬೇಕಾದ ಜಾಗ ಅದಕ್ಕಿಂತ ಮುಂಚಿನ ವಾರ್ಡ್ ಸಭೆ. ಅಲ್ಲಿ ನಡಾವಳಿಯಲ್ಲಿ ಬರೆಸಿದ್ದು ಗ್ರಾಮಸಭೆಗೆ ಹೋಗಿ, ಅಲ್ಲಿಂದ ವಾರ್ಷಿಕ ಅಭಿವೃದ್ಧಿ ಯೋಜನೆಗೆ ಸೇರುತ್ತದೆ. ನಮ್ಮ ವಾರ್ಡ್ ಸಭೆಗೆ ಬರುವವರು ಬೆರಳೆಣಿಕೆ, ಅದರಲ್ಲೂ ಹೆಚ್ಚಿನವರು ಮನೆ ಮಂಜೂರಾತಿಗೆ ಅರ್ಜಿ ಹಿಡಿದವರು. ನಮ್ಮ ಸಂಘದ ಹೆಂಗಸರೆಲ್ಲ ಹೋಗಿ ಕುಳಿತೆವು. ‘ಮಕ್ಕಳು ದಾಟಲು ಕಾಲುಸಂಕ’ ಎಂದಷ್ಟೇ ಬರೆಯಹೊರಟ ಕಾರ್ಯದರ್ಶಿಯವರನ್ನು ತಡೆದು ಹಳ್ಳದ ಹೆಸರು, ಯಾರ ತೋಟದ ಅಂಚು, ಎಷ್ಟು ಅಗಲ ಎಲ್ಲ ಬರೆಸಿದೆವು. ಜಾಗ ಹೇಳದ ಬೇಡಿಕೆ ಎಲ್ಲಿಗೆ ಬೇಕಾದರೂ ಹೋಗಿ ಕೂರಬಹುದು.

ಎಂಜಿನಿಯರ್ ಬಂದು ಅಳೆದು ಅಂದಾಜು ಪಟ್ಟಿ ಮಾಡಿದರು. ಆಗ ಹೊಸ ಸಮಸ್ಯೆ ಎದ್ದಿತು. ಅನಿರ್ಬಂಧಿತ ಹಣವನ್ನು ಸದಸ್ಯರು ವಾರ್ಡಿಗೆ ಇಷ್ಟಿಷ್ಟು ಎಂದು ಸಮನಾಗಿ ಹಂಚಿಕೊಳ್ಳುವುದು ನಮ್ಮಲ್ಲಿ ರೂಢಿ. ಯಾವ ನಿಯಮವೂ ಹಾಗೆ ಹೇಳುವುದಿಲ್ಲ. ಆದರೆ ಯಾರಿಗೂ ಮುನಿಸು ಬರುವುದಿಲ್ಲ ಎಂಬ ಒಂದೇ ಕಾರಣಕ್ಕೆ ನಡೆದು ಬಂದಿದೆ. ಇದರಿಂದಾಗಿ ಎಲ್ಲ ವಾರ್ಡಿಗೂ ಹತ್ತು ಮಾರು ಚರಂಡಿ, ಯಾವ ವಾರ್ಡಿಗೂ ಪೂರ್ತಿ ಸಂಕವಿಲ್ಲ. ನಮ್ಮ ಪಾಲಿಗೆ ಬಂದ ಹಣ ಅಂದಾಜಿನ ಅರ್ಧಕ್ಕೂ ಸಾಲದು. ಕೊನೆಗೆ ಪಕ್ಕದ ವಾರ್ಡಿನ ಸದಸ್ಯೆ, ನನ್ನ ತವರಿನ ಕಡೆಯವರು, ಒಪ್ಪಿದರು. ಈ ವರ್ಷ ತಮ್ಮ ಪಾಲನ್ನು ನಮ್ಮ ಸಂಕಕ್ಕೆ ಬಿಡುವುದು, ಮುಂದಿನ ವರ್ಷ ನಮ್ಮ ಪಾಲು ಅವರ ಕೇರಿಯ ರಸ್ತೆಗೆ.

ಇದನ್ನೂ ನಡಾವಳಿಯಲ್ಲಿ ಬರೆಯಿರಿ ಎಂದೆ. ‘ಮುಂದಿನ ವರ್ಷದ ಅನುದಾನ ಬರುವ ಮೊದಲೇ ಹಂಚಿ ಬರೆಯಲು ಆಗುವುದಿಲ್ಲ ಮೇಡಂ’ ಎಂದರು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ). ಸರಿಯೇ. ನಮ್ಮ ಸಂಘದ ಪುಸ್ತಕದಲ್ಲಿ, ಸಾಲದ ಪುಟದಲ್ಲಿ ಬರೆದು, ಆ ಸದಸ್ಯೆಯ ಸಹಿಯನ್ನೂ ನಮ್ಮ ಸದಸ್ಯರ ಸಹಿಯನ್ನೂ ಹಾಕಿಸಿಕೊಂಡಿದ್ದೇನೆ.