ಗೋಣಿಚೀಲದ ಕೆಳಗಿನ ಐಸ್

25 ಜುಲೈ 2022, ಸೋಮವಾರ
ಆಂಡರ್‌ಮಾಟ್, ಸ್ವಿಟ್ಜರ್ಲೆಂಡ್

ಕಾಲು ಚಾಚಿ ಕೂತಿದ್ದೇನೆ. ಇವತ್ತು ಸೈಕಲ್ಲಿನಲ್ಲಿ ಫುರ್ಕಾ ಘಾಟಿ ದಾಟಿದೆ, 2429 ಮೀಟರ್. ನಿನ್ನೆ ಗ್ರಿಮ್ಸೆಲ್ ಘಾಟಿ ಹತ್ತಿದ ಮಂಡಿಗೆ ಜಾಸ್ತಿಯೇ ಆಯಿತು. ಆದರೆ ಬರೆಯಬೇಕು ಅನ್ನಿಸಿದ್ದು ಅದನ್ನಲ್ಲ.

ಗ್ಲೆಟ್ಶ್ ದಾಟಿದ ಮೇಲೆ ರಸ್ತೆ ತಿರುವು ತಿರುವಾಗಿ ಏರುತ್ತದೆ. ಹಳದಿ ಪೋಸ್ಟ್ ಬಸ್ಸಿನ ಮೂರು ಸ್ವರದ ಹಾರ್ನ್ ಕೇಳಿದರೆ ಬದಿಗೆ ನಿಲ್ಲುವುದು, ಒಂದು ಗುಟುಕು ನೀರು, ಮತ್ತೆ ತುಳಿಯುವುದು. ಬಾಗಿಲು ಮುಚ್ಚಿರುವ ಬೆಲ್ವೆಡೇರ್ ಹೋಟೆಲಿನ ಹತ್ತಿರ ಸೈಕಲ್ ಒರಗಿಸಿದೆ. ರೋನ್ ಹಿಮನದಿ ನೋಡಬೇಕಿತ್ತು. ನಾನು ಹೊರಟಿದ್ದೇ ಅದಕ್ಕೆ.

ಮೊದಲು ಕಂಡದ್ದು ಬಟ್ಟೆ. ಐಸ್ ಮೇಲೆ ಬಿಳಿ ಹೊದಿಕೆಗಳು, ಅಲ್ಲಲ್ಲಿ ಹರಿದು, ಮಣ್ಣು ಮೆತ್ತಿಕೊಂಡು. ಅಲ್ಲಿ ಪ್ರತಿ ವರ್ಷ ಐಸ್ ಒಳಗೆ ಗುಹೆ ಕೊರೆಯುತ್ತಾರೆ. ಅದು ಬೇಸಿಗೆಯಲ್ಲಿ ಬೇಗ ಕರಗದಿರಲಿ ಅಂತ ಹೊದಿಕೆ. ನಿಂತಲ್ಲೇ ನನಗೆ ಮಲ್ಪೆ ಧಕ್ಕೆ ಕಂಡಿತು. ಐಸ್ ಗಡ್ಡೆಯ ಮೇಲೆ ಮರದ ಹುಡಿ, ಅದರ ಮೇಲೆ ಒದ್ದೆ ಗೋಣಿ. ಐಸ್ ಪ್ಲಾಂಟಿನಿಂದ ಬರುತ್ತಿದ್ದ ಅಪ್ಪನ ಅಂಗಿಯ ಅಮೋನಿಯಾ ವಾಸನೆ ಕೂಡ ಬಂದ ಹಾಗಾಯಿತು.

ಬೆಂಚಿನ ಮೇಲೆ ಒಬ್ಬ ಅಜ್ಜ ಕೂತಿದ್ದ. ಕೆಳಗಿನ ಗೋಮ್ಸ್ ಕಣಿವೆಯವನಂತೆ. 'ಒಬ್ಬಳೇನಾ?' ಅಂತ ಕೇಳಿದ. ಎಲ್ಲರೂ ಕೇಳುವುದು ಅದನ್ನೇ. ಹೌದು ಅಂದೆ. ತಲೆ ಆಡಿಸಿ ಸುಮ್ಮನಾದ. ಸ್ವಲ್ಪ ಹೊತ್ತಾದ ಮೇಲೆ ಅವನೇ ಶುರು ಮಾಡಿದ. ತಾನು ಹುಡುಗನಾಗಿದ್ದಾಗ ಇಲ್ಲಿಂದ ನಾಲ್ಕು ಹೆಜ್ಜೆ ಇಟ್ಟರೆ ಐಸ್ ಕೈಗೆ ಸಿಗುತ್ತಿತ್ತಂತೆ. ಈಗ ಅದರ ಮುಂದೆ ಒಂದು ಕೆರೆಯೇ ಆಗಿದೆ. 1850ರ ಸುಮಾರಿಗೆ ಈ ಐಸ್ ಗ್ಲೆಟ್ಶ್ ಬಯಲಿನವರೆಗೂ ಇಳಿದಿತ್ತು. ಬೆಳಿಗ್ಗೆ ನಾನು ನೀರು ತುಂಬಿಸಿಕೊಂಡ ಜಾಗ ಅದು.

ನನ್ನ ಅರೆಬರೆ ಜರ್ಮನ್‌ನಲ್ಲಿ ಅಪ್ಪನ ಐಸ್ ಪ್ಲಾಂಟಿನ ಕತೆ ಹೇಳಿದೆ. ಅಜ್ಜ ಪೂರ್ತಿ ತಿರುಗಿ ಕೂತ. ಗೋಣಿ ಹೊದಿಸಿದರೆ ಎಷ್ಟು ದಿನ ಇರುತ್ತಿತ್ತು ಅಂತ ಕೇಳಿದ. ಎರಡು ದಿನ ಅಂದೆ. ಗೋಣಿ ಐಸನ್ನು ಉಳಿಸುವುದಿಲ್ಲ, ಬೋಟು ಬರುವವರೆಗೆ ತಡೆಯುತ್ತದೆ ಅಷ್ಟೇ ಅಂತ ಅಪ್ಪ ಹೇಳುತ್ತಿದ್ದರು. ಅದನ್ನೂ ಹೇಳಿದೆ.

'ಇಲ್ಲಿಗೆ ಯಾವ ಬೋಟು ಬರುತ್ತದೆ?' ಅಂದ ಅಜ್ಜ.

ನಿಜವಾಗಿಯೂ ಕೇಳುತ್ತಿದ್ದ. ನನ್ನ ಮುಖವನ್ನೇ ನೋಡುತ್ತಿದ್ದ. ನನಗೆ ಗಂಟಲು ಕಟ್ಟಿತು.

ಆಮೇಲೆ ಘಾಟಿಯ ತುದಿ ದಾಟಿ ಇಳಿಜಾರು. ಗಾಳಿ, ಹಸುಗಳ ಗಂಟೆ, ರೆಯಾಲ್ಪ್‌ವರೆಗೆ ಪೆಡಲ್ ಮುಟ್ಟಲಿಲ್ಲ. ಎಂಥಾ ಖುಷಿ! ಜೋರಾಗಿ ಕೂಗಿಯೂ ಬಿಟ್ಟೆ.

ಇಲ್ಲಿ ಬಂದು ಫೋನ್ ನೋಡಿದರೆ ಸುದ್ದಿ: ನಿನ್ನೆ ರಾತ್ರಿ ಸ್ವಿಟ್ಜರ್ಲೆಂಡಿನ ಮೇಲೆ ಸೊನ್ನೆ ಡಿಗ್ರಿ ಸಿಕ್ಕಿದ್ದು 5184 ಮೀಟರ್ ಎತ್ತರದಲ್ಲಿ. 1995ರ 5117ರ ದಾಖಲೆ ಮುರಿಯಿತು. ಈ ದೇಶದ ಅತಿ ಎತ್ತರದ ಶಿಖರವೇ 4634. ಅಂದರೆ ರಾತ್ರಿ ಕೂಡ ಇಲ್ಲಿನ ಒಂದು ಬೆಟ್ಟದ ತುದಿಗೂ ಆ ಚಳಿ ಇಳಿದಿಲ್ಲ. ಮೂರು ಸಲ ಓದಿದೆ.

ಅಮ್ಮನಿಗೆ ಫೋನ್ ಮಾಡಿದೆ. ಊಟ ಆಯಿತಾ, ರೂಮಿಗೆ ಚಿಲಕ ಇದೆಯಾ, ಎಲ್ಲ ಕೇಳಿದಳು. ಮೀನುಗಾರಿಕೆ ನಿಷೇಧ 31ಕ್ಕೆ ಮುಗಿಯುತ್ತದಲ್ವಾ, ಧಕ್ಕೆಯಲ್ಲಿ ಬೋಟಿಗೆ ಬಣ್ಣ ಬಳಿಯುತ್ತಿದ್ದಾರಂತೆ. ಐಸ್ ಪ್ಲಾಂಟಿನ ಸದ್ದು ಇವತ್ತಿಂದ ಮತ್ತೆ ಮನೆವರೆಗೆ ಕೇಳುತ್ತಿದೆಯಂತೆ. ಆ ಸದ್ದು ಇಲ್ಲದೆ ಎರಡು ತಿಂಗಳು ನಿದ್ದೆಯೇ ಸರಿ ಇರಲಿಲ್ಲ ಅಂದಳು.

ಹಿಮನದಿ ನೋಡಿದ್ದು ಹೇಳಿದೆ. ಹೊದಿಕೆಯದ್ದು ಹೇಳಲಿಲ್ಲ.

ನಾಳೆ ಓಬರಾಲ್ಪ್ ಘಾಟಿ, 2044 ಮೀಟರ್. ಹಿಂದಿನ ಬ್ರೇಕ್ ಪ್ಯಾಡ್ ಸವೆದಿದೆ, ಬೆಳಿಗ್ಗೆ ಬದಲಿಸಬೇಕು. ಆ ಅಜ್ಜನಿಗೆ ಕೊನೆಯ ಬಸ್ ಸಿಕ್ಕಿತೋ ಇಲ್ಲವೋ. ನಾನು ಹೊರಡುವಾಗಲೂ ಹೊದಿಕೆಯ ಕಡೆಗೇ ನೋಡುತ್ತಾ ಕೂತಿದ್ದ.